ಅಜ್ಜನ ಆಲ್ಬಮ್‌ನಲ್ಲಿ ಮಳೆಗಾಲ ಯಾಕಿಲ್ಲ?

ಪ್ರಶ್ನೆ: ಅಟ್ಟ ಗುಡಿಸುವಾಗ ತೀರಿಹೋದ ಅಜ್ಜನ ಆಗ್ಫಾ ಕ್ಲಿಕ್-3 ಕ್ಯಾಮೆರಾ, ಜೊತೆಗೊಂದು ಆಲ್ಬಮ್ ಸಿಕ್ಕಿತು. ಯಾವ ಫೋಟೋ ನೋಡಿದರೂ ಮನೆಮಂದಿ ಅಂಗಳದಲ್ಲಿ ಸಾಲಾಗಿ ನಿಂತು ಕಣ್ಣು ಕಿರಿದು ಮಾಡಿಕೊಂಡಿದ್ದಾರೆ. ಮಳೆಗಾಲದ್ದು ಒಂದೂ ಇಲ್ಲ. ಕಾಪು ಬೀಚಿನ ಫೋಟೋದಲ್ಲಿ ಕಡಲೇ ಇಲ್ಲ! ಅಜ್ಜನಿಗೆ ಫೋಟೋ ತೆಗೆಯಲು ಬರುತ್ತಿರಲಿಲ್ಲವೇ? ಈ ಕ್ಯಾಮೆರಾ ಇನ್ನು ಉಪಯೋಗಕ್ಕೆ ಬಂದೀತೇ?
– ಓದುಗರೊಬ್ಬರು, ಕಾಪು

ಉತ್ತರ: ನಿಮ್ಮ ಅಜ್ಜನಿಗೆ ಚೆನ್ನಾಗಿಯೇ ಬರುತ್ತಿತ್ತು. ಕಡಲನ್ನು ಬಿಟ್ಟದ್ದೇ ಅದಕ್ಕೆ ಸಾಕ್ಷಿ.

ಕ್ಯಾಮೆರಾವನ್ನು ಕೈಗೆತ್ತಿಕೊಂಡು ನೋಡಿ. ಫೋಕಸ್ ಸರಿಮಾಡಲು ಏನೂ ಇಲ್ಲ, ಶಟರ್‌ನ ವೇಗವೂ ಒಂದೇ. ಬಿಸಿಲಿಗೊಂದು ಗುರುತು, ಮೋಡಕ್ಕೊಂದು ಗುರುತು; ಬೆಳಕಿನ ಬಗ್ಗೆ ಅದು ಕೇಳುತ್ತಿದ್ದದ್ದು ಅಷ್ಟೇ. ಹಾಗಾಗಿ ಸೂರ್ಯ ತೆಗೆಯುವವರ ಬೆನ್ನಿಗಿರಬೇಕು, ನಿಂತವರ ಮುಖಕ್ಕೆ ನೇರ ಬಿಸಿಲು ಬೀಳಬೇಕು. ಅವರು ಸುಮಾರು ಹತ್ತಡಿಯಾದರೂ ಆಚೆ ಇರಬೇಕು, ಹತ್ತಿರ ಬಂದರೆ ಮುಖ ಮಸುಕು. ನಿಮ್ಮ ಮನೆಯವರು ಕಣ್ಣು ಕಿರಿದು ಮಾಡಿದ್ದು ಸಿಟ್ಟಿನಿಂದಲ್ಲ, ಬಿಸಿಲಿನಿಂದ.

ಈಗ ಕಾಪುವಿಗೆ ಬನ್ನಿ. ಮನೆಮಂದಿ ಬೀಚಿಗೆ ಹೋಗುವುದು ಸಂಜೆ, ಆಗ ಸೂರ್ಯ ಕಡಲ ಮೇಲೆ. ಕಡಲಿಗೆ ಬೆನ್ನು ಹಾಕಿಸಿ ನಿಲ್ಲಿಸಿದ್ದರೆ ಎಲ್ಲರೂ ಮಸಿ ಬಳಿದ ಬೊಂಬೆಗಳಾಗುತ್ತಿದ್ದರು. ಅಜ್ಜ ತಾವೇ ನೀರಿನ ಅಂಚಿಗೆ ಹೋಗಿ, ಅವರನ್ನು ಕಡಲಿಗೆ ಮುಖ ಮಾಡಿ ನಿಲ್ಲಿಸಿದರು. ಮುಖಗಳು ಸಿಕ್ಕವು, ಕಡಲು ಹೋಯಿತು. 1901ರಲ್ಲಿ ಕಟ್ಟಿದ, ಸುಮಾರು 27 ಮೀಟರ್ ಎತ್ತರದ ಲೈಟ್‌ಹೌಸ್ ಮಾತ್ರ ಇಂಥ ಕ್ಯಾಮೆರಾಕ್ಕೂ ಪೂರ್ತಿ ಸಿಗುತ್ತಿತ್ತು. ಹಿಂದೆ ಸರಿಯಲು ಬೇಕಾದಷ್ಟು ಮರಳಿತ್ತಲ್ಲ. ಕಾರ್ಕಳದ ಬೆಟ್ಟದ ಮೇಲೆ ಆ ಸೌಕರ್ಯವಿಲ್ಲ. 1432ರ ಬಾಹುಬಲಿ 42 ಅಡಿ ಎತ್ತರ, ಸುತ್ತ ಗೋಡೆ. ನಮ್ಮ ಮನೆಯ ಕಾರ್ಕಳದ ಫೋಟೋದಲ್ಲಿ ಅಪ್ಪ, ಅಮ್ಮ, ನಾವು ನಾಲ್ವರು ಮಕ್ಕಳು ಚೆನ್ನಾಗಿ ಬಂದಿದ್ದೇವೆ. ಬಾಹುಬಲಿ ಮೊಣಕಾಲಿನವರೆಗೆ ಬಂದಿದ್ದಾನೆ.

ಇನ್ನು ಮಳೆಗಾಲ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರು ನಮ್ಮದು, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆಟಿ ತಿಂಗಳ ಆ ಮಬ್ಬಿನಲ್ಲಿ ಕ್ಲಿಕ್-3 ಕುರುಡು. ರಾತ್ರಿಯಲ್ಲೂ ಅಷ್ಟೇ. ನಾಟಿ ಮಳೆಯಲ್ಲಿ, ಬಯಲಾಟ ರಾತ್ರಿಯಲ್ಲಿ, ಭೂತಕೋಲ ರಾತ್ರಿಯಲ್ಲಿ. ನಮ್ಮ ಬದುಕಿನ ದೊಡ್ಡ ಸಂಗತಿಗಳೆಲ್ಲ ಆಲ್ಬಮ್‌ನ ಹೊರಗೇ ಉಳಿದವು. ಹಳೆ ಆಲ್ಬಮ್ ನೋಡಿ ಅಂದಿನವರು ಸದಾ ಇಸ್ತ್ರಿ ಬಟ್ಟೆ ಹಾಕಿಕೊಂಡು ಬಿಸಿಲಲ್ಲೇ ನಿಂತಿದ್ದರು ಎಂದುಕೊಂಡರೆ ತಪ್ಪಾದೀತು.

ರಾತ್ರಿಯಲ್ಲಿ ಕ್ಲಿಕ್-3 ಕುರುಡು ಎಂಬುದು ನನಗೆ ಗೊತ್ತಾದದ್ದು ಒಂದು ರೀಲು ಹಾಳುಮಾಡಿ. ದೊಡ್ಡಪ್ಪನ ಕ್ಲಿಕ್-3ಕ್ಕೆ 120ರ ಒಂದು ರೀಲು ಹಾಕಿದರೆ ಹನ್ನೆರಡೇ ಚೌಕ ಫೋಟೋ. ಹಿಂಬದಿಯ ಕೆಂಪು ಕಿಂಡಿಯಲ್ಲಿ ಮುಂದಿನ ನಂಬರ್ ಕಾಣುವವರೆಗೆ ಸುತ್ತಬೇಕು. ಅವರನ್ನು ಕಾಡಿ ಬೇಡಿ, ಜನವರಿ 18ರ ನಸುಕಿಗೆ ಉಡುಪಿಯ ಪರ್ಯಾಯದ ಮೆರವಣಿಗೆ ನೋಡಲು ಜೋಡುಕಟ್ಟೆಗೆ ಹೋದೆ. ಸ್ತಬ್ಧಚಿತ್ರ, ಪಲ್ಲಕ್ಕಿ, ಗದ್ದಲ. ನಾಲ್ಕು ಸಲ ಒತ್ತಿದೆ. ಉಳಿದ ಎಂಟು ಮುಗಿದು ರೀಲು ತೊಳೆಸಲು ಕೊಡುವಷ್ಟರಲ್ಲಿ ವಿಷು ಕಳೆದಿತ್ತು. ಸ್ಟುಡಿಯೋದವರು ನೆಗೆಟಿವನ್ನು ಟ್ಯೂಬ್‌ಲೈಟಿಗೆ ಹಿಡಿದರು. ಬೆಳಕು ಬಿದ್ದ ಕಡೆ ತಾನೇ ನೆಗೆಟಿವ್ ಕಪ್ಪಾಗುವುದು? ಮೊದಲ ನಾಲ್ಕು ಚೌಕಗಳು ಕಿಟಕಿ ಗಾಜಿನ ಹಾಗೆ ತಿಳಿಯಾಗಿದ್ದವು. "ಇದರಲ್ಲಿ ಏನೂ ಇಲ್ಲ ಮಾರಾಯ" ಎಂದರು. ರಾತ್ರಿಯ ಪರ್ಯಾಯವನ್ನು ನಾವು ಫೋಟೋದಲ್ಲಿ ನೋಡುತ್ತಿದ್ದದ್ದು ಪತ್ರಿಕೆಗಳಲ್ಲಿ, 1970ರಲ್ಲಿ ಮಣಿಪಾಲದಿಂದ ಶುರುವಾದ 'ಉದಯವಾಣಿ'ಯಂಥವುಗಳಲ್ಲಿ. ಅವರ ಬಳಿ ಫ್ಲ್ಯಾಶ್ ಇತ್ತು.

ನಿಮ್ಮ ಕ್ಯಾಮೆರಾ ಖಂಡಿತ ಉಪಯೋಗಕ್ಕೆ ಬಂದೀತು. 120ರ ಫಿಲ್ಮ್ ಈಗಲೂ ತಯಾರಾಗುತ್ತಿದೆ. ಮೊದಲು ಲೆನ್ಸನ್ನು ಬೆಳಕಿಗೆ ಹಿಡಿದು, ಒಳಗೆ ಜೇಡನ ಬಲೆಯಂಥ ಎಳೆಗಳಿವೆಯೇ ನೋಡಿ. ಇದ್ದರೆ ಅದು ಬೂಷ್ಟು, ತಿಳಿದವರಿಂದ ಒರೆಸಿಸಬೇಕು. ಚರ್ಮದ ಚೀಲದೊಳಗೆ ಮಾತ್ರ ಇಡಬೇಡಿ. ನಮ್ಮ ಮಳೆಗೆ ಆ ಚೀಲ ಪಸೆ ಹೀರಿಕೊಂಡು ಕೂರುತ್ತದೆ.

ಕೊನೆಗೊಂದು ಮಾತು. ಆಲ್ಬಮ್‌ನಲ್ಲಿ ಅಜ್ಜ ಒಬ್ಬರು ಮಾತ್ರ ಇಲ್ಲ ಎಂದು ನಿಮಗನ್ನಿಸಿರಬಹುದು. ಬೆಳಗ್ಗೆ, ಸಂಜೆ ತೆಗೆದ ಫೋಟೋಗಳ ಕೆಳಗಿನ ಅಂಚನ್ನು ಸರಿಯಾಗಿ ನೋಡಿ. ಸೂರ್ಯ ಬೆನ್ನಿಗಿದ್ದರೆ ನೆರಳು ಮುಂದಕ್ಕೇ ಬೀಳಬೇಕು. ಎರಡೂ ಮೊಣಕೈ ಹೊರಚಾಚಿದ ಉದ್ದನೆಯ ನೆರಳೊಂದು ಅಂಗಳದಲ್ಲಿ ಕಂಡರೆ ಅವರೇ. ನಮ್ಮ ಆಲ್ಬಮ್‌ನಲ್ಲಿ ದೊಡ್ಡಪ್ಪ ಅಮ್ಮನ ಸೀರೆಯ ಅಂಚಿನವರೆಗೂ ಬಂದಿದ್ದಾರೆ.