ಕೆಂಚನಿಗೆ ಬಟ್ಟಲಿಲ್ಲ

ಸ್ಟಾಫಿ, ಅಂದರೆ ಸ್ಟಾಫರ್ಡ್‌ಶೈರ್ ಬುಲ್ ಟೆರಿಯರ್ ನಾಯಿಯ ಮರಿ ತಂಟೆ ಮಾಡಿದರೆ ಚೆನ್ನಾಗಿ ಓಡಿಸಿ ಸುಸ್ತು ಮಾಡಿ ಎನ್ನುವವರೇ ಹೆಚ್ಚು. ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್‌ನಲ್ಲಿರುವ ನಮ್ಮ ಮನೆಯ ಮರಿ ಕೆಂಚನಿಗಂತೂ ಓಡಿಸಿದಷ್ಟೂ ದಮ್ಮು ಹೆಚ್ಚಿತು, ತಂಟೆ ತಗ್ಗಲಿಲ್ಲ. ಪಾರ್ಕಿನಿಂದ ಬಂದವನೇ ಸೋಫಾದ ಮೂಲೆ ಹಿಡಿದು ಜಗ್ಗುತ್ತಿದ್ದ. ಅವನನ್ನು ಹದಕ್ಕೆ ತಂದದ್ದು ಊಟ ಕೊಡುವ ಕ್ರಮ.

ಸ್ಟಾಫರ್ಡ್‌ಶೈರ್ ಬುಲ್ ಟೆರಿಯರ್ ಈ ಸೀಮೆಯದೇ ನಾಯಿ. ಗಣಿ, ಕುಲುಮೆಗಳ ಬ್ಲ್ಯಾಕ್ ಕಂಟ್ರಿಯ ಕೂಲಿಕಾರರು ಕಾಳಗಕ್ಕೆಂದು ಸಾಕಿದ ತಳಿ. ಗೂಳಿಯ ಮೇಲೆ ನಾಯಿ ಛೂ ಬಿಡುವ ಆಟವನ್ನೂ ನಾಯಿ ಕಾಳಗವನ್ನೂ 1835ರ ಕಾನೂನು ನಿಷೇಧಿಸಿದರೂ ಕಾಳಗ ಗುಟ್ಟಾಗಿ ನಡೆದೇ ಇತ್ತು. ಈ ತಳಿಗೆ ನಾಯಿತಳಿಗಳನ್ನು ನೋಂದಾಯಿಸುವ ಕೆನಲ್ ಕ್ಲಬ್ಬಿನ ಮಾನ್ಯತೆ ಸಿಕ್ಕಿದ್ದು 1935ರಲ್ಲಿ. ಗಂಡು ನಾಯಿ 13ರಿಂದ 17 ಕೆ.ಜಿ. ತೂಗುತ್ತದೆ, ಅಷ್ಟೇ. ಆದರೆ ಆ ಎದೆ, ಆ ದವಡೆ! ಇಂಥ ಬಾಯಿಗೆ ಕೆಲಸ ಕೊಡದಿದ್ದರೆ ಅದು ತಾನೇ ಹುಡುಕಿಕೊಳ್ಳುತ್ತದೆ.

ಹಾಗಾಗಿ ಕೆಂಚನಿಗೆ ಊಟದ ಬಟ್ಟಲೇ ಇಲ್ಲ. ದಿನದ ಒಣ ಆಹಾರದ ಕಾಳನ್ನು ಬೆಳಗ್ಗೆಯೇ ತಕ್ಕಡಿಯಲ್ಲಿ ತೂಗಿಡುತ್ತೇನೆ. ಒಂದು ಪಾಲನ್ನು ಹಿತ್ತಲ ಹುಲ್ಲಿನ ಮೇಲೆ ಎರಚಿದರೆ ಮೂಗು ನೆಲಕ್ಕೆ ಹಚ್ಚಿ ಒಂದೊಂದೇ ಹೆಕ್ಕುತ್ತಾನೆ. ಇನ್ನೊಂದು ಪಾಲನ್ನು ನೀರಲ್ಲಿ ನೆನೆಸಿ, ಟೊಳ್ಳು ರಬ್ಬರ್ ಆಟಿಕೆಯೊಳಗೆ ತುರುಕಿ ಫ್ರೀಜರಿನಲ್ಲಿಡುತ್ತೇನೆ. ಅದನ್ನು ನೆಕ್ಕಿ ಮುಗಿಸುವಷ್ಟರಲ್ಲಿ ಅವನಿಗೆ ಕಣ್ಣು ಎಳೆಯುತ್ತದೆ. ಉಳಿದದ್ದು ಪಾಠಕ್ಕೆ. ಈ ತಳಿಗೆ ಮೊದಲು ಕಲಿಸಬೇಕಾದ ಮಾತು 'ಬಿಡು'. ಹಗ್ಗ ಜಗ್ಗುವ ಆಟವಾಡಿ, ನಡುವೆ 'ಬಿಡು' ಎಂದು, ಬಿಟ್ಟ ತಕ್ಷಣ ಕಾಳು ಕೊಟ್ಟು, ಮತ್ತೆ ಹಗ್ಗ ಕೊಡುವುದು. ಈಗ ಪಾರ್ಕಿನಲ್ಲಿ ಸಿಗುವ ಇಂಗ್ಲಿಷ್ ಅಜ್ಜನೂ ಅವನಿಗೆ 'ಬಿಡು' ಎನ್ನುತ್ತಾರೆ.

ನಿದ್ದೆಯೂ ಕಲಿಸಬೇಕಾದದ್ದೇ. ಮರಿಗಳು ದಿನದ ಮುಕ್ಕಾಲು ಪಾಲು ಮಲಗುತ್ತವೆ. ಸಂಜೆ ಹೊತ್ತು ಹುಚ್ಚೆದ್ದು ಕಾಲು ಕಚ್ಚುವ ಮರಿಗೆ ಎಷ್ಟೋ ಸಲ ಬೇಕಾಗಿರುವುದು ಕತ್ತಲೆ ಕೋಣೆ.

ಇನ್ನು ಊಟದ ಲೆಕ್ಕ: ನಾಲ್ಕು ತಿಂಗಳವರೆಗೆ ದಿನಕ್ಕೆ ನಾಲ್ಕು ಹೊತ್ತು, ಆರು ತಿಂಗಳವರೆಗೆ ಮೂರು, ಆಮೇಲೆ ಎರಡು. ಚೀಲದ ಮೇಲಿನ ಪಟ್ಟಿ ಶುರು ಮಾಡಲಷ್ಟೇ. ಅಳತೆ ಹೇಳುವುದು ನಾಯಿಯ ಪಕ್ಕೆ. ನಿಮ್ಮ ಅಂಗೈ ಚಾಚಿ ಅದರ ಹಿಂಬದಿ ಸವರಿದರೆ ಸಿಗುವ ಮೂಳೆಗಳ ಹಾಗೆ ನಾಯಿಯ ಪಕ್ಕೆಲುಬು ಕೈಗೆ ಸಿಗಬೇಕು. ಮರಿಗಳಿಗೆಂದೇ ಮಾಡಿದ ಸಂಪೂರ್ಣ ಆಹಾರ ಕೊಡುವಾಗ ಮೇಲೆ ಕ್ಯಾಲ್ಸಿಯಂ ಪುಡಿ ಬೇಡ. ಬೆಳೆಯುವ ಮೂಳೆಗೆ ಅತಿಯಾದರೂ ಕೆಡುಕು.

ಹಾಸನದಿಂದ ಅಮ್ಮ ಬಂದಾಗ ಈ ಲೆಕ್ಕವೆಲ್ಲ ತಲೆಕೆಳಗಾಯಿತು. "ಏನೇ ಇದು, ಮನೇಲಿ ಅನ್ನ ಇಟ್ಕೊಂಡು ಆ ಮೂಕಪ್ರಾಣಿಗೆ ಒಣಕಲು ಕಾಳು ಹಾಕ್ತೀಯಲ್ಲ!" ಕೆಂಚನೂ ಅವರ ಕುರ್ಚಿ ಬುಡದಲ್ಲೇ ಠಿಕಾಣಿ ಹೂಡಿದ. ಅನ್ನ ಮೊಸರು ನಾಯಿಗೆ ವಿಷವೇನಲ್ಲ, ಆದರೆ ಬರೀ ಅದರಲ್ಲಿ ಬೆಳೆಯುವ ಮರಿಗೆ ಬೇಕಾದದ್ದೆಲ್ಲ ಇರುವುದಿಲ್ಲ. ನನಗೆ ದಿಗಿಲಿದ್ದದ್ದು ನಮ್ಮ ಅಡುಗೆಯ ಉಳಿದ ಸಾಮಾನಿನದು. ಉಪ್ಪಿಟ್ಟಿನ ಈರುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತದೆ, ಬೆಳ್ಳುಳ್ಳಿಯೂ ಹಾಗೇ. ಪಾಯಸದ ದ್ರಾಕ್ಷಿ ಮೂತ್ರಪಿಂಡ ಕೆಡಿಸಬಲ್ಲದು. ಬೆಂದ ಕೋಳಿಮೂಳೆ ಸಿಗಿದು ಕರುಳಿಗೆ ಚುಚ್ಚಬಹುದು. ಬೇಡ ಅಂದರೆ ಕೇಳುವವರಲ್ಲ ಅಮ್ಮ. ದಿನದ ಪಾಲಿನಲ್ಲೇ ಒಂದಿಷ್ಟು ಕಾಳು, ಜೊತೆಗೆ ಕ್ಯಾರೆಟ್ ಚೂರು ಹಾಕಿದ ಡಬ್ಬಿಯೊಂದನ್ನು ಅವರ ಕೈಗೇ ಕೊಟ್ಟೆ, ಇದರಿಂದ ಎಷ್ಟು ಬೇಕಾದರೂ ಹಾಕಿ ಎಂದೆ. ಅಲ್ಲಿಗೆ ಜಗಳ ಮುಗಿಯಿತು. ಅವರೇ ಅವನಿಗೆ 'ಕೂತ್ಕೊ' ಕಲಿಸಿಬಿಟ್ಟರು.

ಫೋಟೊ ನೋಡಿದ ಮೈಸೂರಿನ ನೆಂಟರು ಇಂಥದೇ ಬೇಕೆನ್ನುತ್ತಾರೆ. ಭಾರತದಲ್ಲಿ 'ಸ್ಟಾಫ್' ಎಂದು ಮಾರುವುದು ಎಷ್ಟೋ ಸಲ ಅಮೆರಿಕನ್ ಸ್ಟಾಫರ್ಡ್‌ಶೈರ್ ಟೆರಿಯರ್. ಅದು ಬೇರೆ ತಳಿ, ಗಾತ್ರವೂ ದೊಡ್ಡದು. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಸುತ್ತೋಲೆ ಹೊರಡಿಸಿ ನಿಷೇಧಿಸಹೊರಟ ತಳಿಗಳ ಪಟ್ಟಿಯಲ್ಲಿ ಅದರ ಹೆಸರಿತ್ತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದುಮಾಡಿತು. ಯಾವುದೇ ಆಗಲಿ, ಹಗಲು ಮನೆಯಲ್ಲಿ ಯಾರೂ ಇರದವರಿಗೆ ಈ ನಾಯಿ ಬೇಡ. ಸ್ಟಾಫರ್ಡ್‌ಶೈರ್ ಬುಲ್ ಟೆರಿಯರ್ ಮರಿಯನ್ನೇ ತರುವುದಾದರೆ ತಂದೆತಾಯಿ ನಾಯಿಗಳಿಗೆ ಎಲ್-2-ಎಚ್‌ಜಿಎ ಎಂಬ ನರರೋಗಕ್ಕೂ ಆನುವಂಶಿಕ ಕಣ್ಣಿನ ಪೊರೆಗೂ ಡಿಎನ್‌ಎ ಪರೀಕ್ಷೆ ಆಗಿದೆಯೇ ಕೇಳಿ. ವರದಿ ತೋರಿಸದವರ ಹತ್ತಿರ ಮರಿ ಕೊಳ್ಳಬೇಡಿ.