ಕೊಕ್ಕರೆ ರೋಗ ಬರುವ ಮುಂಚೆ

ಅಕ್ಕಂದಿರೇ, ಹಾಲಿನ ದುಡ್ಡು ಎಷ್ಟೋ ಮನೆಗಳಲ್ಲಿ ಯಜಮಾನರ ಕೈಗೆ ಹೋಗುತ್ತದೆ. ಕೋಳಿಯ ದುಡ್ಡು ಹಾಗಲ್ಲ. ಮೊಟ್ಟೆ ಮಾರಿದ ದುಡ್ಡು ನಿಮ್ಮ ಸೆರಗಿನ ಗಂಟಿನಲ್ಲಿ ಇರುತ್ತದೆ. ಮಗಳಿಗೆ ನೋಟ್ ಬುಕ್ಕು, ಮಗನಿಗೆ ಔಷಧಿ, ಬಸ್ ಚಾರ್ಜು, ಎಲ್ಲಕ್ಕೂ ಅದೇ. ಯಾರನ್ನೂ ಕೇಳಬೇಕಾಗಿಲ್ಲ.

ಆ ಗಂಟು ಒಂದೇ ವಾರದಲ್ಲಿ ಖಾಲಿಯಾಗುವುದುಂಟು. ಸಾಮಾನ್ಯವಾಗಿ ಬೇಸಿಗೆ ಹತ್ತಿರ ಬಂದಾಗ, ಹವಾ ಬದಲಾಗುವಾಗ ಹೀಗಾಗುತ್ತದೆ. ಮೊದಲ ದಿನ ಒಂದು ಕೋಳಿ ರೆಕ್ಕೆ ಇಳಿಬಿಟ್ಟು ಮೂಲೆಯಲ್ಲಿ ನಿಲ್ಲುತ್ತದೆ. ಕಾಳು ಹಾಕಿದರೂ ಬರುವುದಿಲ್ಲ. ಬಾಯಿ ತೆರೆದು ಉಸಿರು ಎಳೆಯುತ್ತದೆ. ಹಸಿರು ಬಣ್ಣದ ನೀರು ನೀರಾದ ಹಿಕ್ಕೆ ಹಾಕುತ್ತದೆ. ಕೆಲವು ಕೋಳಿಗಳ ಕತ್ತು ತಿರುಚಿಕೊಳ್ಳುತ್ತದೆ, ಕಾಲು ಬಿದ್ದುಹೋಗುತ್ತದೆ. ಮಾರನೇ ದಿನ ಎರಡು ಸಾಯುತ್ತವೆ. ಆಮೇಲೆ ಪಕ್ಕದ ಮನೆ, ಎದುರು ಮನೆ. ವಾರ ಕಳೆಯುವುದರೊಳಗೆ ಬೆಳಗಿನ ಜಾವ ಕೂಗುವುದಕ್ಕೆ ಕೇರಿಯಲ್ಲಿ ಹುಂಜವೇ ಇರುವುದಿಲ್ಲ.

ಇದು ಕೊಕ್ಕರೆ ರೋಗ. ಡಾಕ್ಟರು ಇದನ್ನು ರಾಣಿಖೇತ್ ರೋಗ ಎನ್ನುತ್ತಾರೆ. ರಾಣಿಖೇತ್ ಎಂಬುದು ಹಿಮಾಲಯದ ಕಡೆ, ಈಗಿನ ಉತ್ತರಾಖಂಡ ರಾಜ್ಯದಲ್ಲಿರುವ ಒಂದು ಊರು. ಸುಮಾರು 100 ವರ್ಷಗಳ ಹಿಂದೆ ನಮ್ಮ ದೇಶದಲ್ಲಿ ಈ ರೋಗವನ್ನು ಅಲ್ಲಿ ಗುರುತಿಸಿದರು. ಅದಕ್ಕೇ ಆ ಹೆಸರು. ಹೆಸರಿನಲ್ಲಿ ಕೊಕ್ಕರೆ ಇದೆ ಎಂದು ಕೆರೆಯ ಕೊಕ್ಕರೆಗೆ ಕಲ್ಲು ಹೊಡೆಯಬೇಡಿ. ಅದರ ತಪ್ಪು ಏನೂ ಇಲ್ಲ.

“ಯಾರದೋ ದಿಷ್ಟಿ ಬಿತ್ತು” ಎನ್ನುವವರಿದ್ದಾರೆ. “ಮಾರಮ್ಮನ ಕೋಪ” ಎನ್ನುವವರೂ ಇದ್ದಾರೆ. ದಿಷ್ಟಿಯೂ ಅಲ್ಲ, ಕೋಪವೂ ಅಲ್ಲ. ಇದು ಕಣ್ಣಿಗೆ ಕಾಣದ ವೈರಸ್ಸಿನಿಂದ ಬರುತ್ತದೆ. ಅದು ರೋಗದ ಕೋಳಿಯ ಹಿಕ್ಕೆಯಲ್ಲಿ, ಸಿಂಬಳದಲ್ಲಿ ಇರುತ್ತದೆ. ಸಂತೆಯಿಂದ ತಂದ ಹೊಸ ಕೋಳಿಯ ಜೊತೆ ಬರುತ್ತದೆ. ಮಂಕರಿಯಲ್ಲಿ, ಚಪ್ಪಲಿಯಲ್ಲಿ, ಕೋಳಿ ಕೊಳ್ಳಲು ಬಂದವನ ಸೈಕಲ್ಲಿನ ಪಂಜರದಲ್ಲಿ ಬರುತ್ತದೆ. ಹಾಗಾಗಿ ಹೊಸ ಕೋಳಿ ತಂದರೆ ಎರಡು ವಾರ ಬೇರೆ ಕಡೆ ಕಟ್ಟಿಹಾಕಿ. ಮನೆಯ ಕೋಳಿಗಳ ಜೊತೆ ನೀರು, ಕಾಳು ಹಂಚಿಕೊಳ್ಳಲು ಬಿಡಬೇಡಿ.

ರೋಗ ಬಂದ ಮೇಲೆ ಔಷಧಿ ಇಲ್ಲ. ಇದನ್ನು ಚೆನ್ನಾಗಿ ನೆನಪಿಡಿ. ಅರಿಶಿನ, ಬೆಳ್ಳುಳ್ಳಿ ತಿನ್ನಿಸಿದರೂ ಅಷ್ಟೆ, ಅಂಗಡಿಯ ಮಾತ್ರೆ ಪುಡಿಮಾಡಿ ಹಾಕಿದರೂ ಅಷ್ಟೆ. ಬರದಂತೆ ತಡೆಯುವುದಕ್ಕೆ ಮಾತ್ರ ದಾರಿ ಇದೆ. ಅದು ಲಸಿಕೆ. ಮಕ್ಕಳಿಗೆ ಪೋಲಿಯೋ ಹನಿ ಹಾಕಿಸುತ್ತೀರಲ್ಲ, ಹಾಗೇ.

ಲಸಿಕೆಯ ಮಾತು ಎತ್ತಿದಾಗಲೆಲ್ಲ ರಾತ್ರಿ ತರಗತಿಯಲ್ಲಿ ನಗು ಬರುತ್ತದೆ.

“ಏನ್ ಟೀಚರಮ್ಮ, ಕೋಳೀಗೂ ಸೂಜೀನಾ?”

“ಹೂಂ ಅಕ್ಕ. ಮೊದಲು ಹನಿ, ಆಮೇಲೆ ಸೂಜಿ.”

“ನಮ್ದು ನಾಟಿ ಕೋಳಿ. ಅದ್ಕೇನೂ ಬರಾಕಿಲ್ಲ ಬುಡಿ.”

ಈ ಮಾತು ಅರ್ಧ ಸರಿ. ನಾಟಿ ಕೋಳಿ ಗಟ್ಟಿ. ಬಿಸಿಲು ತಡೆಯುತ್ತದೆ, ತಿಪ್ಪೆ ಕೆದಕಿ ಹೊಟ್ಟೆ ಹೊರೆಯುತ್ತದೆ, ಹದ್ದು ಕಂಡರೆ ಮರಿಗಳನ್ನು ರೆಕ್ಕೆಯೊಳಗೆ ಎಳೆದುಕೊಳ್ಳುತ್ತದೆ. ಆದರೆ ಕೊಕ್ಕರೆ ರೋಗ ನಾಟಿ, ಫಾರಂ ಎಂದು ನೋಡುವುದಿಲ್ಲ.

ಮರಿಗೆ 5ರಿಂದ 7 ದಿನ ಆದಾಗ ಕಣ್ಣಿಗೋ ಮೂಗಿಗೋ ಒಂದು ಹನಿ. ಸುಮಾರು ಒಂದು ತಿಂಗಳಾದಾಗ ಇನ್ನೊಂದು ಸಲ. ಎರಡು ತಿಂಗಳಾದಾಗ ಚರ್ಮದ ಕೆಳಗೆ ಸೂಜಿ. ಈ ಸೂಜಿಯ ಲಸಿಕೆ ಜೋರು. ಅದನ್ನು ಎಳೆ ಮರಿಗೆ ಹಾಕಿದರೆ ಮರಿಯೇ ಹೋದೀತು. ಕಾಯಿಲೆ ಬಿದ್ದ ಕೋಳಿಗೂ ಲಸಿಕೆ ಬೇಡ. ದೊಡ್ಡ ಕೋಳಿಗೆ ಮತ್ತೆ ಯಾವಾಗ ಎಂದು ಪಶು ಆಸ್ಪತ್ರೆಯಲ್ಲಿ ಕೇಳಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಈಗ ನಿಮಗೆ ಕ್ಯಾಲೆಂಡರ್ ಓದುವುದಕ್ಕೆ ಬರುತ್ತದೆಯಲ್ಲ!

ಇಲ್ಲೊಂದು ತೊಡಕು ಇದೆ. ಲಸಿಕೆಯ ಒಂದು ಸೀಸೆ 100 ಕೋಳಿಗೆ ಆಗುತ್ತದೆ. ಕೆಲವು ಸೀಸೆ ಇನ್ನೂ ಹೆಚ್ಚು ಕೋಳಿಗೆ ಆಗುತ್ತದೆ. ಅದನ್ನು ಐಸಿನಲ್ಲಿಟ್ಟು ತರಬೇಕು. ಬಿಸಿಲು ತಾಗಿದರೆ ಕೆಟ್ಟಿತು. ಸೀಸೆ ಒಡೆದು ನೀರು ಬೆರೆಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಲೇಬೇಕು. ನಾಳೆಗೆ ಇಡುವ ಹಾಗಿಲ್ಲ. ನಿಮ್ಮ ಮನೆಯಲ್ಲಿ 6 ಕೋಳಿ ಇದ್ದರೆ ಉಳಿದ ಲಸಿಕೆ ಚರಂಡಿಗೆ ಹೋಗುತ್ತದೆ. ಆರು ಕೋಳಿಗೆ ಇಷ್ಟು ಖರ್ಚೇ ಎಂದು ಒಬ್ಬೊಬ್ಬರೇ ಸುಮ್ಮನಾಗುತ್ತಾರೆ. ರೋಗಕ್ಕೆ ಅಷ್ಟೇ ಬೇಕಾಗಿರುವುದು.

ಕೇರಿಯ 15 ಮನೆ ಸೇರಿದರೆ 100 ಕೋಳಿ ಆಗುತ್ತವೆ. ಸಂಘದ ಸಭೆಯಲ್ಲಿ ಒಂದು ದಿನ ಗೊತ್ತು ಮಾಡಿ. ಬೆಂಗಳೂರಿನ ಹೆಬ್ಬಾಳದ ಸರ್ಕಾರಿ ಸಂಸ್ಥೆಯಲ್ಲಿ ಈ ಲಸಿಕೆ ತಯಾರಾಗುತ್ತದೆ. ಪಶು ಆಸ್ಪತ್ರೆಗೆ ಮುಂಚೆಯೇ ಅರ್ಜಿ ಬರೆದು ಕೊಡಿ. ಹಿಂದಿನ ರಾತ್ರಿ ಕೋಳಿಗಳನ್ನು ಗೂಡಿನಲ್ಲೇ ಮುಚ್ಚಿಡಿ, ಬೆಳಕು ಹರಿಯುವಾಗ ಹಿಡಿಯುವುದು ಸುಲಭ. ಬಿಟ್ಟ ಮೇಲೆ ಹಿಡಿಯಲು ಹೋದರೆ ಊರೆಲ್ಲ ಓಡಬೇಕಾಗುತ್ತದೆ!

ಅಷ್ಟರ ಮೇಲೂ ಒಂದು ಕೋಳಿ ಸತ್ತರೆ ಏನು ಮಾಡುತ್ತೀರಿ? ತಿಪ್ಪೆಗೆ ಎಸೆದರೆ ನಾಯಿ ಎಳೆದಾಡುತ್ತದೆ. ಕೆರೆಗೆ ಎಸೆದರೆ ನೀರಿಗೆ ಬರುವ ಹಕ್ಕಿಗಳಿಗೂ ರೋಗ ತಗಲಬಹುದು. ಉಳಿದದ್ದನ್ನು ಬೇಗ ಸಂತೆಯಲ್ಲಿ ಮಾರಿಬಿಡೋಣ ಎನಿಸುತ್ತದೆ, ನಷ್ಟದ ಸಂಕಟ ನನಗೆ ಗೊತ್ತು. ಆದರೆ ಹಾಗೆ ಮಾರಿದ ಕೋಳಿ ಇನ್ನೊಬ್ಬ ಅಕ್ಕನ ಗೂಡಿಗೆ ರೋಗ ಒಯ್ಯುತ್ತದೆ. ಸತ್ತ ಕೋಳಿಯನ್ನು ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ಗೂಡು ಗುಡಿಸಿ ಸುಣ್ಣ ಬಳಿಯಿರಿ. ಕೈಯನ್ನು ಸೋಪಿನಿಂದ ತೊಳೆಯಿರಿ.

ಕೋಳಿ ಸಿಡುಬು ಬೇರೆ. ಜುಟ್ಟು, ಮುಖದ ಮೇಲೆ ಗುಳ್ಳೆ ಏಳುತ್ತದೆ. ಸೊಳ್ಳೆಯಿಂದಲೂ ಹರಡುತ್ತದೆ. ಅದಕ್ಕೂ ಲಸಿಕೆ ಇದೆ.

ಹಕ್ಕಿ ಜ್ವರದ ಹೆಸರು ಕೇಳಿದ್ದೀರಿ. ನಮ್ಮ ರಾಜ್ಯದಲ್ಲಿ 2012ರಲ್ಲಿ ಬೆಂಗಳೂರಿನ ಹತ್ತಿರ ಹೆಸರಘಟ್ಟದಲ್ಲಿ, 2020ರಲ್ಲಿ ಮೈಸೂರಿನಲ್ಲಿ ಕಂಡಿತು. ಇದು ಕಾಡು ಹಕ್ಕಿಗಳನ್ನೂ ಬಿಡುವುದಿಲ್ಲ. 2020ರ ಕೊನೆಯಲ್ಲಿ ಹಿಮಾಚಲ ಪ್ರದೇಶದ ಪಾಂಗ್ ಅಣೆಕಟ್ಟೆಯಲ್ಲಿ ಸಾವಿರಾರು ಹಕ್ಕಿಗಳು ಸತ್ತವು. ಅವುಗಳಲ್ಲಿ ಹೆಚ್ಚಿನವು ಪಟ್ಟೆ ತಲೆಯ ಹೆಬ್ಬಾತುಗಳು. ಅದೇ ಜಾತಿಯ ಹೆಬ್ಬಾತು ಹಿಮಾಲಯ ದಾಟಿ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಚಳಿಗಾಲದಲ್ಲಿ ಬರುತ್ತದೆ. ಎಷ್ಟು ದೂರದ ನೆಂಟರು ನೋಡಿ! ಹಕ್ಕಿ ಜ್ವರ ಮನುಷ್ಯರಿಗೂ ತಗಲಬಹುದು. ಮನೆಯಲ್ಲಾಗಲಿ ಕೆರೆಯ ಬಳಿಯಾಗಲಿ ಒಟ್ಟಿಗೆ ಹಲವು ಹಕ್ಕಿ ಸತ್ತು ಬಿದ್ದರೆ ಮುಟ್ಟಬೇಡಿ, ಮಕ್ಕಳನ್ನು ಬಿಡಬೇಡಿ. ನೀವಾಗಿ ಹೂಳಲೂ ಹೋಗಬೇಡಿ. ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ 1962ಕ್ಕೆ ಫೋನು ಮಾಡಿ.

ಗಿರಿರಾಜ ಕೋಳಿ ಸಾಕಲೇ ಎಂದು ಕೇಳುತ್ತೀರಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಬೆಳೆಸಿದ ತಳಿ ಅದು. ತೂಕ ಹೆಚ್ಚು, ಮೊಟ್ಟೆಯೂ ಹೆಚ್ಚು. ಸಾಕಿ. ಆದರೆ ಅದು ಕಾವಿಗೆ ಕೂರುವುದಿಲ್ಲ. ನಾಟಿ ಹೇಂಟೆಗಳನ್ನೆಲ್ಲ ಮಾರಿಬಿಟ್ಟರೆ ಪ್ರತಿ ಸಲ ಮರಿಗೆ ದುಡ್ಡು ಕೊಡಬೇಕು. ಬೋಳು ಕತ್ತಿನದು, ಕರಿಯದು, ಚುಕ್ಕೆಯದು ಎಲ್ಲವೂ ಗೂಡಿನಲ್ಲಿರಲಿ. ಬೋಳು ಕತ್ತಿನ ಕೋಳಿ ಚೆನ್ನಾಗಿ ಕಾಣುವುದಿಲ್ಲ ಎಂದು ಮೊದಲು ಕುಯ್ಯುತ್ತೀರಿ. ಸೆಕೆಯನ್ನು ಚೆನ್ನಾಗಿ ತಡೆಯುವುದು ಅದೇ.

ನೀವೇ ಬರೆಯಿರಿ:

ನಿಮ್ಮ ಕೇರಿಯ ಮನೆಗಳಿಗೆ ಹೋಗಿ. ಯಜಮಾನಿಯ ಹೆಸರು, ದೊಡ್ಡ ಕೋಳಿ ಎಷ್ಟು, ಮರಿ ಎಷ್ಟು, ಮರಿ ಒಡೆದ ದಿನ ಯಾವುದು ಎಂದು ಬರೆದುಕೊಳ್ಳಿ. ಎಲ್ಲ ಕೂಡಿಸಿ. 100 ಆಯಿತೇ? ಆಗದಿದ್ದರೆ ಪಕ್ಕದ ಕೇರಿಯವರನ್ನೂ ಸೇರಿಸಿ. ಆ ಹಾಳೆಯನ್ನು ಅರ್ಜಿಯ ಜೊತೆ ಇಟ್ಟು ಪಶು ಆಸ್ಪತ್ರೆಗೆ ಕೊಡಿ. ಕೆಳಗೆ ಎಲ್ಲರೂ ಸಹಿ ಮಾಡಿ.