ಮೂವತ್ತನಾಲ್ಕಕ್ಕೇ ಮುದುಕನಾದ ತಮ್ಮ

ಪ್ರಶ್ನೆ: ನನ್ನ ತವರು ತೇನಿ ಜಿಲ್ಲೆಯ ಕಂಬಂ ಹತ್ತಿರ. ಮನೆಮಾತು ಕನ್ನಡ, ಶಾಲೆಯಲ್ಲಿ ಓದಿದ್ದು ತಮಿಳು. ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ಕನ್ನಡ ಓದಲು ಕಲಿತೆ. ನನಗೆ 42, ತಮ್ಮನಿಗೆ 34. ಅವನಿಗೆ 22ಕ್ಕೇ ತಲೆ ನರೆಯಿತು. ಈಗ ಎರಡೂ ಕಣ್ಣಿಗೆ ಪೊರೆ, ಸಕ್ಕರೆ ಕಾಯಿಲೆ, ಹಿಮ್ಮಡಿಯ ಮೇಲೆ ವರ್ಷದಿಂದ ಮಾಯದ ಗಾಯ. ದನಿ ಕೀರಲಾಗಿದೆ. ಬಸ್ಸಿನಲ್ಲಿ ತಾತ ಎಂದು ಸೀಟು ಬಿಡುತ್ತಾರೆ. ದ್ರಾಕ್ಷಿ ತೋಟಕ್ಕೆ ಹೊಡೆಯುವ ಔಷಧಿಯಿಂದ ಹೀಗಾಯಿತು ಅಂತಾನೆ ಅವನು. ವೀರಪಾಂಡಿ ಮಾರಿಯಮ್ಮನ ಹರಕೆ ತೀರಿಸಲಿಲ್ಲವಲ್ಲ, ಅದಕ್ಕೇ ಅಂತಾಳೆ ಅಮ್ಮ. ನಮ್ಮಪ್ಪ ಅಮ್ಮನಿಗೆ ಸೋದರಮಾವ. ಈಗ 20 ವರ್ಷದ ನನ್ನ ಮಗಳನ್ನು ತಮ್ಮನಿಗೆ ಕೊಡಬೇಕೆಂದು ಅಮ್ಮ ಹಟ ಹಿಡಿದಿದ್ದಾಳೆ. ದಿಂಡಿಗಲ್‌ನಲ್ಲಿ ಕೆಲಸದಲ್ಲಿರುವ 24ರ ಚಿಕ್ಕ ತಮ್ಮನಿಗೂ ಇದು ಬರುತ್ತದೆಯೇ?

ಉತ್ತರ: ಮೊದಲು ಮಗಳ ಮದುವೆಯ ಮಾತು ನಿಲ್ಲಿಸಿ. ಕಾರಣ ಮುಂದೆ ಹೇಳುತ್ತೇನೆ.

ಪತ್ರ ನೋಡಿ ರೋಗಕ್ಕೆ ಹೆಸರಿಡಲಾಗದು. ಆದರೆ ನೀವು ಬರೆದದ್ದನ್ನೆಲ್ಲ ಕೂಡಿಸಿದರೆ ವರ್ನರ್ ಸಿಂಡ್ರೋಮ್ ಎಂಬ ಅಪರೂಪದ ಕಾಯಿಲೆಯನ್ನು ಅನುಮಾನಿಸಲೇಬೇಕು. ಕಣ್ಣಿಗೊಬ್ಬ ವೈದ್ಯ, ಸಕ್ಕರೆಗೊಬ್ಬ, ಗಾಯಕ್ಕೊಬ್ಬ ಎಂದು ಅಲೆಯುವವರಲ್ಲಿ ಇದು ವರ್ಷಗಟ್ಟಲೆ ಪತ್ತೆಯಾಗುವುದಿಲ್ಲ. ಕೂಡಿಸಿ ನೋಡುವವರು ಯಾರೂ ಇರುವುದಿಲ್ಲ, ಅಷ್ಟೇ.

1904ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಒಟ್ಟೊ ವರ್ನರ್ ಎಂಬ ವೈದ್ಯ ವಿದ್ಯಾರ್ಥಿ ತನ್ನ ಪ್ರಬಂಧದಲ್ಲಿ ಒಂದೇ ಮನೆಯ ನಾಲ್ವರು ಒಡಹುಟ್ಟಿದವರ ಬಗ್ಗೆ ಬರೆದ. ಎಲ್ಲರಿಗೂ ಮೂವತ್ತರ ಆಸುಪಾಸಿನಲ್ಲೇ ಕಣ್ಣಿನ ಪೊರೆ, ಬಿಗಿದುಕೊಂಡ ಚರ್ಮ. 1996ರಲ್ಲಿ ಎಂಟನೆಯ ವರ್ಣತಂತುವಿನ ಮೇಲೆ ಇದರ ಜೀನು ಸಿಕ್ಕಿತು. ನಮ್ಮ ಜೀವಕೋಶಗಳ ಡಿಎನ್‌ಎ ದಿನವೂ ಸವೆಯುತ್ತದೆ, ದಿನವೂ ರಿಪೇರಿಯಾಗುತ್ತದೆ. ಆ ರಿಪೇರಿಗೆ ಬೇಕಾದ ಒಂದು ಪ್ರೋಟೀನು ಇವರಲ್ಲಿ ಕೆಲಸ ಮಾಡುವುದಿಲ್ಲ. ವರದಿಯಾದ ರೋಗಿಗಳಲ್ಲಿ ಹೆಚ್ಚಿನವರು ಜಪಾನಿನವರು. ಹಾಗೆಂದು ಇದು ಅವರೊಬ್ಬರದೇ ಕಾಯಿಲೆಯಲ್ಲ. ಭಾರತ ಮತ್ತು ಪಾಕಿಸ್ತಾನ ಮೂಲದ ಮನೆತನಗಳಲ್ಲಿ ಈ ಭಾಗದವೇ ಆದ ಜೀನ್ ದೋಷಗಳಿವೆ ಎಂದು 2013ರ ಅಧ್ಯಯನವೊಂದು ತೋರಿಸಿತು.

‘ಪಾ’ ಸಿನಿಮಾದಲ್ಲಿ ಅಮಿತಾಭ್ ಬಚ್ಚನ್ ಮಾಡಿದ ಹುಡುಗನ ಕಾಯಿಲೆಯೇ ಇದು ಎಂದುಕೊಳ್ಳಬೇಡಿ. ಅದು ಪ್ರೊಜೇರಿಯಾ, ಮಗುವಿದ್ದಾಗಲೇ ಗೊತ್ತಾಗುತ್ತದೆ, ಬಹುಪಾಲು ತಂದೆತಾಯಿಯಿಂದ ಬಂದದ್ದಲ್ಲ. ವರ್ನರ್‌ನಲ್ಲಿ ಬಾಲ್ಯ ಎಲ್ಲರಂತೆಯೇ ಕಳೆಯುತ್ತದೆ. ಮೊದಲ ಸುಳಿವು ಹದಿಮೂರು ಹದಿನಾಲ್ಕರಲ್ಲಿ: ಓರಗೆಯವರು ಸರ್ರನೆ ಉದ್ದವಾಗುವಾಗ ಇವರು ಅಲ್ಲೇ ನಿಲ್ಲುತ್ತಾರೆ. ನಿಮ್ಮ ತಮ್ಮ ಗಿಡ್ಡವೇ? ಪತ್ರದಲ್ಲಿ ಬರೆದಿಲ್ಲ, ವೈದ್ಯರಿಗೆ ತಪ್ಪದೆ ಹೇಳಿ. ಇಪ್ಪತ್ತರ ನಂತರ ಕೂದಲು ನರೆತು ಉದುರುತ್ತದೆ, ದನಿ ಬದಲಾಗುತ್ತದೆ, ಕೈಕಾಲು ಸಣಕಲಾಗಿ ಹೊಟ್ಟೆ ಮಾತ್ರ ಉಳಿಯುತ್ತದೆ. ಮೂವತ್ತಕ್ಕೆ ಎರಡೂ ಕಣ್ಣಿಗೆ ಪೊರೆ, ಆಮೇಲೆ ಸಕ್ಕರೆ, ಮೂಳೆ ಸವೆತ, ಹಿಮ್ಮಡಿ ಮತ್ತು ಗಿಣ್ಣಿನ ಸುತ್ತ ಮಾಯದ ಹುಣ್ಣು. ಬುದ್ಧಿ ಮಾತ್ರ ಕುಂದುವುದಿಲ್ಲ. ಬರೀ ತಲೆ ನರೆತವರು ಇದನ್ನೋದಿ ಗಾಬರಿಯಾಗಬೇಡಿ, ಬಾಲನೆರೆ ನಮ್ಮಲ್ಲಿ ಸಾಮಾನ್ಯ.

ಅಮೆರಿಕದ ಸಿಯಾಟಲ್‌ನಲ್ಲಿ ಈ ಕಾಯಿಲೆಯ ಅಂತರರಾಷ್ಟ್ರೀಯ ದಾಖಲಾತಿ ಕೇಂದ್ರವಿದೆ. ಅವರು ನೋಡುವ ಮುಖ್ಯ ಲಕ್ಷಣಗಳಲ್ಲಿ ಪೊರೆ, ಚರ್ಮ, ಎತ್ತರ, ನರೆಯ ಜೊತೆಗೆ ಇನ್ನೊಂದಿದೆ: ತಂದೆತಾಯಿ ರಕ್ತಸಂಬಂಧಿಗಳೇ ಎಂಬುದು. ಕಾರಣ ಸರಳ. ಕೆಟ್ಟ ಜೀನು ತಂದೆಯಿಂದಲೂ ತಾಯಿಯಿಂದಲೂ ಎರಡೂ ಕಡೆಯಿಂದ ಬಂದರೆ ಮಾತ್ರ ಕಾಯಿಲೆ. ಒಂದೇ ಪ್ರತಿಯಿದ್ದವರಿಗೆ ಅದು ಇರುವುದೇ ಗೊತ್ತಾಗುವುದಿಲ್ಲ. ಸೋದರಮಾವನೊಂದಿಗಿನ ಮದುವೆಯಲ್ಲಿ ಇಬ್ಬರಲ್ಲೂ ಅದೇ ಜೀನು ಇರುವ ಸಂಭವ ಹೆಚ್ಚು. ಹಾಗಾಗಿ ಇದೇ ಕಾಯಿಲೆಯಾದರೆ ಕಾರಣ ತೋಟದ ಔಷಧಿಯೂ ಅಲ್ಲ, ಹರಕೆಯೂ ಅಲ್ಲ. ತಾಯಿಯವರ ಹೊಟ್ಟೆಯ ದೋಷವೂ ಅಲ್ಲ, ಅಪ್ಪನ ಪಾಲು ಸರಿಸಮ. ಊರಿನಲ್ಲಿ ಇಂಥ ಮಾತು ಹೆಂಗಸಿನ ತಲೆಗೇ ಬೀಳುತ್ತದೆ, ಅದಕ್ಕೇ ಬಿಡಿಸಿ ಹೇಳಿದೆ.

ಈಗ ಮಗಳ ವಿಚಾರ. ತಮ್ಮನಿಗೆ ಇದೇ ಕಾಯಿಲೆಯಾದರೆ, ಆರೋಗ್ಯವಾಗಿರುವ ನಿಮ್ಮಲ್ಲಿ ಒಂದು ಕೆಟ್ಟ ಪ್ರತಿ ಇರುವ ಸಂಭವ ಮೂರರಲ್ಲಿ ಎರಡು. ಮಗಳಿಗೆ ಅದು ದಾಟಿರುವ ಸಂಭವ ಮೂರರಲ್ಲಿ ಒಂದು. ದಾಟಿದ್ದರೆ ಅವರಿಬ್ಬರ ಪ್ರತಿ ಮಗುವಿಗೂ ಅರ್ಧಕ್ಕರ್ಧ ಅಪಾಯ. ಒಟ್ಟಾರೆ ಆರರಲ್ಲಿ ಒಂದು. ಲೆಕ್ಕ ಬದಿಗಿಟ್ಟರೂ, 34ರ ಮಾವನ ಶುಶ್ರೂಷೆಗೆಂದು 20ರ ಹುಡುಗಿಯನ್ನು ಕೊಡುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಮಗಳಿಗೆ ಏನನ್ನಿಸುತ್ತದೆ ಎಂಬ ಒಂದು ಸಾಲೂ ನಿಮ್ಮ ಪತ್ರದಲ್ಲಿಲ್ಲ. ಅವಳನ್ನು ಕೇಳಿ.

ಚಿಕ್ಕ ತಮ್ಮನಿಗೆ ಹುಟ್ಟುವಾಗ ಇದ್ದ ಸಂಭವ ನಾಲ್ಕರಲ್ಲಿ ಒಂದು. ಹದಿವಯಸ್ಸಿನಲ್ಲಿ ಚೆನ್ನಾಗಿ ಬೆಳೆದಿದ್ದರೆ, ಕೂದಲು ಕಪ್ಪಗೇ ಇದ್ದರೆ ಅದು ಒಳ್ಳೆಯ ಸೂಚನೆ. ದೊಡ್ಡವನ ರಕ್ತದಲ್ಲಿ ಜೀನ್ ದೋಷ ಇಂಥದ್ದೆಂದು ಗೊತ್ತಾದರೆ ಉಳಿದವರನ್ನು ಸುಲಭವಾಗಿ ಪರೀಕ್ಷಿಸಬಹುದು.

ಮೂಲದಿಂದ ಗುಣಪಡಿಸುವ ಔಷಧಿ ಇನ್ನೂ ಇಲ್ಲ. ಬದುಕು ಸರಾಸರಿ ಐವತ್ತು ದಾಟಿ ಸ್ವಲ್ಪ ಹೋಗುತ್ತದೆ. ಒಯ್ಯುವುದು ಹೃದಯಾಘಾತ ಅಥವಾ ಕ್ಯಾನ್ಸರ್. ಎರಡನ್ನೂ ಮುಂಚೆಯೇ ಹುಡುಕಬಹುದು ಎಂಬುದೇ ಹೆಸರು ತಿಳಿಯುವುದರ ಲಾಭ. ಸಕ್ಕರೆ, ಕೊಲೆಸ್ಟ್ರಾಲ್ ಹತೋಟಿಯಲ್ಲಿರಬೇಕು, ಬೀಡಿ ಸಿಗರೇಟು ಕೂಡದು. ಅಂಗಾಲಿನಲ್ಲಿ, ಉಗುರಿನ ಕೆಳಗೆ ಹೊಸ ಕಪ್ಪು ಮಚ್ಚೆ ಕಂಡರೆ, ಎಲ್ಲಾದರೂ ಗಂಟು ಎದ್ದರೆ ಆ ವಾರವೇ ತೋರಿಸಬೇಕು. ತೋಟಕ್ಕೆ ಬರಿಗಾಲಲ್ಲಿ ಹೋಗುವುದು ಇಂದಿಗೇ ಸಾಕು. ಮೆತ್ತನೆಯ, ಹಿಮ್ಮಡಿ ಉಜ್ಜದ ಪಾದರಕ್ಷೆ ಕೊಡಿಸಿ. ಪೊರೆಯ ಆಪರೇಷನ್ ಮಾಡಿಸಬಹುದು, ಆದರೆ ಇವರಲ್ಲಿ ಗಾಯ ಕೂಡುವುದು ನಿಧಾನ, ಹಾಗಾಗಿ ಈ ಅನುಮಾನವನ್ನು ಕಣ್ಣಿನ ವೈದ್ಯರಿಗೆ ಮೊದಲೇ ಹೇಳಿ. ತೇನಿಯಲ್ಲೇ ಅರವಿಂದ್ ಕಣ್ಣಿನ ಆಸ್ಪತ್ರೆಯಿದೆ, ಗಾಯಕ್ಕೂ ಸಕ್ಕರೆಗೂ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಜೀನ್ ಪರೀಕ್ಷೆ ಮತ್ತು ಸಲಹೆಗೆ ವೆಲ್ಲೂರಿನ ಸಿಎಂಸಿ ಅಥವಾ ನೀವಿರುವ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್. ಬೆಂಗಳೂರಾದರೆ ತಮ್ಮನನ್ನು ನಿಮ್ಮ ಮನೆಯಲ್ಲೇ ಉಳಿಸಿಕೊಂಡು, ಮನೆಮಾತಿನಲ್ಲೇ ವೈದ್ಯರೊಂದಿಗೆ ಮಾತಾಡಿಸಬಹುದು.

ಹಳೆಯ ಚೀಟಿಗಳನ್ನೆಲ್ಲ ಒಂದೇ ಫೈಲಿನಲ್ಲಿಡಿ. ಮೇಲಿನ ಹಾಳೆಯಲ್ಲಿ ತಂದೆತಾಯಿಯ ಸಂಬಂಧವನ್ನೂ ಯಾವ ವಯಸ್ಸಿಗೆ ಏನಾಯಿತು ಎಂಬುದನ್ನೂ ಬರೆಯಿರಿ. ತಮ್ಮನನ್ನು ಈ ತಿಂಗಳೊಳಗೆ ಬೆಂಗಳೂರಿಗೆ ಕರೆಸಿಕೊಳ್ಳಿ.